ಕಬ್ಬಿಣ ಹಿಡಿಯಹೊರಟ ಹೂವಪ್ಪ

ಹೂವಪ್ಪ ಮಾಡಿದ ತಪ್ಪು ಒಂದೇ. ಮಂಗಳವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡ.

ಚಿಕ್ಕೇರೂರಿನ ಆ ಓಣಿಯಲ್ಲಿ ಒಗೆದ ಅಂಗಿ ಹೊರಗೆ ಬರುವುದು ಮದುವೆಗೆ, ಇಲ್ಲವೇ ಕೋರ್ಟಿಗೆ. ಆ ದಿನ ಮದುವೆಯೂ ಇರಲಿಲ್ಲ, ಕೋರ್ಟೂ ಇರಲಿಲ್ಲ. ಹೊತ್ತು ಮೂಡುವ ಮುನ್ನ ಸದ್ದಿಲ್ಲದೆ ಬಾಗಿಲ ಚಿಲಕ ಹಾಕಿ, ಬೆಕ್ಕಿನ ಹಾಗೆ ಗೋಡೆಗೆ ಅಂಟಿಕೊಂಡು ಓಣಿ ದಾಟುವುದೆಂದು ಹೂವಪ್ಪ ಎಂಟು ದಿನದಿಂದ ಯೋಚಿಸಿಟ್ಟಿದ್ದ. ಎಲ್ಲವೂ ಸರಿಯಾಗಿತ್ತು. ಆದರೆ ಆ ಬಿಳಿ ಅಂಗಿ ಮಬ್ಬುಗತ್ತಲಲ್ಲಿ ಕಂದೀಲಿನ ಹಾಗೆ ಹೊಳೆಯಿತು.

“ಎಲ್ಲಿಗ್ಯೋ?” ಎಂದಳು ಅಂಗಳ ಸಾರಿಸುತ್ತಿದ್ದ ಉಡಚವ್ವ.

ಹೂವಪ್ಪನಿಗೆ ಎರಡು ವರ್ಷವಾಗಿದ್ದಾಗ ಅಪ್ಪ ಅವ್ವ ಇಬ್ಬರೂ ಒಂದೇ ವಾರದಲ್ಲಿ ಬೇನೆಗೆ ತುತ್ತಾಗಿ ಹೋಗಿದ್ದರು. ಅಂದಿನಿಂದ ಅವನನ್ನು ಸಾಕಿದ್ದು ಓಣಿ. ಒಬ್ಬರ ಮನೆಯ ಹಾಲು, ಇನ್ನೊಬ್ಬರ ಮನೆಯ ಕೌದಿ, ಮತ್ತೊಬ್ಬರ ಮನೆಯ ಪೆಟ್ಟು. ಅದರಿಂದಾಗಿ ಈಗ ಇಪ್ಪತ್ತಾರು ವರ್ಷದ ಈ ಗಂಡಸಿನ ಮೇಲೆ ಹದಿನೆಂಟು ಮನೆಯವರಿಗೆ ಹಕ್ಕಿತ್ತು. ಅವನು ಒಮ್ಮೆ ಸೀನಿದರೆ ಆರು ಮನೆಯಿಂದ ಕಷಾಯ ಬರುತ್ತಿತ್ತು. ಆರನ್ನೂ ಕುಡಿಯಬೇಕಾಗುತ್ತಿತ್ತು, ಯಾರದು ಬಿಟ್ಟರೂ ಅವರು ಮುನಿಸಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಹಿರೇಕೆರೂರಿನ ಕಡೆಯಿಂದ ಒಂದು ಹೆಣ್ಣು ಗೊತ್ತಾಗಿತ್ತು. ಹೆಣ್ಣು ನೋಡಲು ಓಣಿಯಿಂದ ಇಪ್ಪತ್ತೆರಡು ಜನ ಹೋದರು. ಹೆಣ್ಣಿನ ಅಪ್ಪ ಬಾಗಿಲಲ್ಲಿ ನಿಂತು ಹದಿನಾಲ್ಕರವರೆಗೆ ಎಣಿಸಿದ, ಆಮೇಲೆ ಒಳಗೆ ಹೋಗಿ ಅಗಳಿ ಹಾಕಿಕೊಂಡ.

“ಹಲ್ಲ ನೋಯಾಕತ್ತೈತಿ, ಅತ್ತಿ. ದವಾಖಾನಿಗೆ ಹೊಂಟೇನಿ,” ಎಂದ ಹೂವಪ್ಪ.

ಸುಳ್ಳು ಹೇಳಿದರೆ ಯೋಚಿಸಿ ಹೇಳಬೇಕು. ಉಡಚವ್ವ ಸಗಣಿ ಕೈಯಲ್ಲೇ ಎದ್ದು ನಿಂತಳು. ಮೂರು ಎತ್ತಿನ ಬಲದ ಹೆಂಗಸು ಅವಳು, ಧ್ವನಿಯೂ ಹಾಗೆಯೇ.

“ಏ ಕುಬೇರಪ್ಪಾ! ಇಕ್ಕಳ ತಗೊಂಡ ಬಾ! ಕೂಸಿಗೆ ಹಲ್ಲ ಬ್ಯಾನಿ!”

ಕುಬೇರಪ್ಪ ಕಲ್ಲು ಒಡೆಯುವವನು. ಹೆಸರು ಬಿಟ್ಟರೆ ಅವನ ಮನೆಯಲ್ಲಿ ಬೇರೆ ಸಂಪತ್ತಿರಲಿಲ್ಲ. ಮಾತು ಕಡಿಮೆ, ಅನುಮಾನ ಜಾಸ್ತಿ, ಅಂಗೈ ಎರಡೂ ಕಲ್ಲಿನವೇ. ಅವನು ಇಕ್ಕಳ ತಂದ. ಅವನ ಹಿಂದೆ ಮೈಲಾರಪ್ಪ ಬಂದ. ಮೈಲಾರಪ್ಪನನ್ನು ಯಾರೂ ಕರೆದಿರಲಿಲ್ಲ, ಕರೆಯುವ ಪದ್ಧತಿಯೂ ಇರಲಿಲ್ಲ. ಹರೆಯದಲ್ಲಿ ಹುಬ್ಬಳ್ಳಿಯ ಒಂದು ಗಿರಣಿಯಲ್ಲಿ ಎಂಟು ತಿಂಗಳು ದುಡಿದು ಬಂದಿದ್ದ ಅವನು ಅಲ್ಲಿಂದೀಚೆಗಿನ ಮೂವತ್ತೈದು ವರ್ಷಗಳನ್ನು ಆ ಎಂಟು ತಿಂಗಳ ವಿಷಯ ಹೇಳುತ್ತ ಕಳೆದಿದ್ದ.

“ಕುಂದರಸ್ರಿ ಅವನ್ನ. ತಲಿ ನಾ ಹಿಡೀತೇನಿ,” ಎಂದ ಮೈಲಾರಪ್ಪ. “ಗಿರಣ್ಯಾಗ ಹಿಂಗ ಒಬ್ಬಂವನ ಹಲ್ಲ ಕಿತ್ತಿದ್ವಿ.”

“ಯಾವ ಹಲ್ಲೋ?” ಎಂದ ಕುಬೇರಪ್ಪ.

“ಈಗ ಕಡಿಮಿ ಆತು! ಖರೇನ ಕಡಿಮಿ ಆತು!”

“ಅಂಜಿಕಿಗೆ ಹಂಗಂತಾನ,” ಎಂದಳು ಉಡಚವ್ವ. ಹೂವಪ್ಪನ ಗದ್ದ ಹಿಡಿದು ಬಾಯಿ ತೆರೆಸಿ ಇಣುಕಿದಳು. “ನೋಡ, ಅದೇನ ಒಳಗ ಕರ್ರಗ ಕಾಣತೈತಲ್ಲ, ಅದ.”

“ಅದಲ್ಲ, ಇದು,” ಎಂದ ಮೈಲಾರಪ್ಪ.

“ಎರಡೂ ತಗದ್ರಾತು,” ಎಂದ ಕುಬೇರಪ್ಪ. ಇಕ್ಕಳ ಒಳಗೆ ಹೋಯಿತು.

ಹೂವಪ್ಪನ ಮೂವತ್ತೆರಡು ಹಲ್ಲುಗಳೂ ಸರಿಯಾಗಿದ್ದವು. ಅವು ಹಾಗೆಯೇ ಉಳಿಯಬೇಕಾದರೆ ಗುಟ್ಟು ಹೊರಗೆ ಬರಲೇಬೇಕಿತ್ತು. “ಅಬ್ಬಿಣ! ಅಬ್ಬಿಣ!” ಎಂದು ಕೂಗಿದ.

“ಕಬ್ಬಿಣ ಅನ್ನಾಕತ್ತಾನ,” ಎಂದ ಕುಬೇರಪ್ಪ. “ಹೌದಪ್ಪ, ಕಬ್ಬಿಣದ್ದ ಇಕ್ಕಳ. ಕಟಗೀದು ಎಲ್ಲಿ ಸಿಗತೈತಿ?”

ಹೂವಪ್ಪ ಸೊಂಟಕ್ಕೆ ಕೈ ಹಾಕಿ, ಮಡಚಿಟ್ಟಿದ್ದ ಕಾಗದವೊಂದನ್ನು ಎಳೆದು ಮೈಲಾರಪ್ಪನ ಮೂಗಿನ ಮುಂದೆ ಹಿಡಿದ. ಹಾನಗಲ್ಲಿನ ಸಂತೆಯಲ್ಲಿ ಯಾರೋ ಹಂಚುತ್ತಿದ್ದ ಕರಪತ್ರ. ಮೈಲಾರಪ್ಪ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಒಂದು ಅಳತೆಗೆ ಬಂದು ಓದಿದ.

“ಕಬ್ಬಿಣ ಸೇತುವೆ ಕೆಲಸಗಾರರ ಸಂಘ. ಕೆಲಸ ಕಲಿಯಬಯಸುವವರಿಗೆ ಮೂರು ವರ್ಷದ ಉಮೇದವಾರಿ. ಮೊದಲ ದಿನದಿಂದಲೇ ಪಗಾರ. ಅನುಭವ ಬೇಡ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಯಲವಿಗಿ ಸ್ಟೇಷನ್ನಿನ ಹತ್ತಿರದ ಸಂಘದ ಷೆಡ್ಡಿಗೆ ಬಂದು ಪರೀಕ್ಷೆ ಕೊಡತಕ್ಕದ್ದು.”

ಇಕ್ಕಳ ಹೊರಗೆ ಬಂತು. ಹೂವಪ್ಪ ದವಡೆ ತಿಕ್ಕಿಕೊಳ್ಳುತ್ತ, ಈಗಲಾದರೂ ಹರಸಿ ಕಳಿಸುತ್ತಾರೆಂದು ಕಾಯ್ದ.

“ಉಮೇದವಾರಿ ಅಂದ್ರ ಕಲಿಯೂದು,” ಎಂದ ಮೈಲಾರಪ್ಪ ನಿಧಾನವಾಗಿ. “ಕಲಿಯಂವ ಗುರುವಿಗೆ ಕೊಡೂದು ನೋಡೇನಿ. ಗುರುನ ಕಲಿಯಂವಗ ಪಗಾರ ಕೊಡೂದು ನನ್ನ ಜನ್ಮದಾಗ ನೋಡಿಲ್ಲ. ಏನೋ ಐತಿ ಇದರಾಗ.”

“ಏನಿಲ್ರಿ ಕಾಕಾ, ಸಂಘ ಅಂದ್ರ ಹಂಗ. ಕೆಲಸಗಾರರ ಕೂಡಿ ಕಟ್ಟ್ಯಾರ. ಹೊಸಬರನ್ನ ತಯಾರ ಮಾಡ್ತಾರ. ಮೂರ ವರ್ಷ ಆದಮ್ಯಾಲ ನಾನೂ ಮಿಸ್ತ್ರಿ ಆಗ್ತೇನಿ.”

“ಸೇತುವಿ ಅಂತ ಬರದೈತಿ,” ಎಂದ ಕುಬೇರಪ್ಪ. ಅವನ ಹುಬ್ಬು ಗಂಟಾಯಿತು. “ಸೇತುವಿ ನಿಲ್ಲಬೇಕಂದ್ರ ಬುನಾದ್ಯಾಗ ಒಂದ ನರಬಲಿ ಬೇಕಂತ. ಎಲ್ಲಾರೂ ಅಂತಾರ.”

ಉಡಚವ್ವ ಎದೆಗೆ ಕೈ ಇಟ್ಟುಕೊಂಡಳು. ಸಗಣಿ ಇದ್ದ ಕೈ ಎಂಬುದು ಆಮೇಲೆ ನೆನಪಾಯಿತು.

“ಅದಕ್ಕ ನೋಡ, ಅನುಭವ ಬ್ಯಾಡ ಅಂತ ಬರದಾರ!” ಎಂದಳು. “ಸಾಯಾಕ ಅನುಭವ ಯಾಕ ಬೇಕು? ಅಪ್ಪಿಲ್ಲ, ಅವ್ವಿಲ್ಲ, ಕೇಳಾಕ ಯಾರೂ ಇಲ್ಲ ಅನ್ನೂವಂಥ ಹುಡುಗುರನ್ನ ಆರಿಸಿ ಒಯ್ತಾರ!”

“ನನಗ ಕೇಳಾಕ ಯಾರೂ ಇಲ್ಲಂತೀ ಏನ?” ಎಂದ ಹೂವಪ್ಪ. ಆ ಮಾತಿನಲ್ಲಿದ್ದ ಸಂಕಟ ಯಾರಿಗೂ ತಿಳಿಯಲಿಲ್ಲ.

“ಅದನ್ನ ಅವರಿಗೆ ತಿಳಸಬೇಕು,” ಎಂದ ಮೈಲಾರಪ್ಪ. ಅಷ್ಟರಲ್ಲಿ ಅವನ ಮನಸ್ಸಿನಲ್ಲಿ ಪ್ರಯಾಣದ ಏರ್ಪಾಡು ಮುಗಿದಿತ್ತು. “ನಮ್ಮ ಹುಡುಗಗ ಹಿಂದ ಮುಂದ ಮಂದಿ ಅದಾರ ಅಂತ ಕಂಡ್ರ ಮುಟ್ಟಾಂಗಿಲ್ಲ. ಉಡಚವ್ವಾ, ಬುತ್ತಿ ಕಟ್ಟು. ಕುಬೇರಪ್ಪ, ಸುತ್ತಗಿ ತಗೋ. ನಾವು ಮೂರೂ ಮಂದಿ ಹೋಗೂಣು.”

“ಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೇನಿ!”

“ಬೀಳಬ್ಯಾಡ, ಅಂಗಿ ಹೊಲಸಾಗತೈತಿ,” ಎಂದಳು ಉಡಚವ್ವ.

ಯುದ್ಧದ ಕಾಲ ಅದು. ಪೆಟ್ರೋಲು ಸಿಗುತ್ತಿರಲಿಲ್ಲವಾಗಿ ಬಸ್ಸುಗಳೆಲ್ಲ ಇದ್ದಲಿನ ಹೊಗೆಯ ಮೇಲೆ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ನೀರೊಲೆಯಂಥ ಒಂದು ದೊಡ್ಡ ಡಬ್ಬಿ. ಅದರಲ್ಲಿ ಇದ್ದಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ನು ನಡೆಯಬೇಕು. ಹಿರೇಕೆರೂರಿನಿಂದ ಹಾನಗಲ್ಲು, ಬಂಕಾಪುರ, ಸವಣೂರು ಹಾಯ್ದು ಯಲವಿಗಿಗೆ ಹೋಗುವ ಬಸ್ಸನ್ನು ನಡೆಸುತ್ತಿದ್ದವನು ನಿಯಾಜ. ಆ ಡಬ್ಬಿಯ ಉರಿಯನ್ನು ಅವನು ಬಾಣಂತಿಯ ಹಾಗೆ ನೋಡಿಕೊಳ್ಳುತ್ತಿದ್ದ.

ಹೂವಪ್ಪ ಹಿಂದಿನ ಸೀಟಿನಲ್ಲಿ ಕುಳಿತು, ಈ ಮೂವರೂ ತನಗೆ ಗೊತ್ತಿಲ್ಲದವರು ಎಂಬಂತೆ ಹೊರಗೆ ನೋಡುತ್ತಿದ್ದ. ಅದು ಬಹಳ ಹೊತ್ತು ನಡೆಯಲಿಲ್ಲ. ಹಾನಗಲ್ಲು ದಾಟುವಷ್ಟರಲ್ಲಿ ಬಸ್ಸಿನಲ್ಲಿದ್ದ ಎಲ್ಲರಿಗೂ ಅವನ ಹೆಸರು, ಅವನು ಚಿಕ್ಕಂದಿನಲ್ಲಿ ಎಷ್ಟನೆಯ ವಯಸ್ಸಿನವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದ ಎಂಬುದು, ಅವನನ್ನು ಬುನಾದಿಗೆ ಹಾಕಲಿರುವ ವಿಷಯ ಎಲ್ಲ ತಿಳಿದಿತ್ತು. ಒಬ್ಬ ಮುದುಕಿ ಅವನ ಕೆನ್ನೆ ಸವರಿ ಕಣ್ಣೊರೆಸಿಕೊಂಡು ಇಳಿದು ಹೋದಳು.

ಬಂಕಾಪುರದ ಈಚೆಗೆ ನಿಯಾಜ ನೀರು ತರಲು ಬಸ್ಸು ನಿಲ್ಲಿಸಿದ. ಕೊಡ ಹಿಡಿದು ಹಳ್ಳದ ಕಡೆಗೆ ಹೋಗಿ ಬರುವಷ್ಟರಲ್ಲಿ ಬಸ್ಸಿನ ಹಿಂದೆ ಘಮಘಮ ವಾಸನೆ ಬರುತ್ತಿತ್ತು. ಡಬ್ಬಿಯ ಮುಚ್ಚಳ ನೆಲದ ಮೇಲಿತ್ತು. ಉಡಚವ್ವ ಕೆಂಡದಲ್ಲಿ ಬದನೆಕಾಯಿ ಸುಡುತ್ತಿದ್ದಳು.

ನಿಯಾಜನ ಕೈಯಿಂದ ಕೊಡ ಬಿತ್ತು. “ಯಾ ಅಲ್ಲಾ! ಏನ್ ಮಾಡಿದಿ ಯವ್ವಾ?”

“ಹುಡುಗ ಬೆಳಗಿನಿಂದ ಉಪವಾಸ ಐತಿ. ಬರೇ ರೊಟ್ಟಿ ಹೆಂಗ ತಿಂತಾನ? ಈಟ ಬದನಿಕಾಯಿ ಸುಟ್ರ ನಿನ್ನ ಬಸ್ಸಿಗೇನ ಆಗತೈತಿ?”

“ಗ್ಯಾಸ ಎಲ್ಲಾ ಹೋತು! ಇನ್ನ ಇದು ಹೊಳ್ಳಿ ಏಳಬೇಕಂದ್ರ ತಾಸ ಬೇಕು!”

“ಅದಕ್ಕೇನ, ಉರಿ ನಾ ಮಾಡಿ ಕೊಡ್ತೇನಿ. ನಲವತ್ತ ವರ್ಷ ಒಲಿ ಮುಂದ ಕುಂತೇನಿ ನಾ.”

“ನಿಯಾಜಸಾಬ್ರ, ಎಂಜಿನ್ನಿನ ವಿಷಯ ನಾ ಹೇಳ್ತೇನಿ ಕೇಳ್ರಿ,” ಎಂದು ಮೈಲಾರಪ್ಪ ನಡುವೆ ಬಂದ. “ಗಿರಣ್ಯಾಗ...”

ಹೂವಪ್ಪ ಕೆಳಗಿಳಿದು, ಡಬ್ಬಿಯ ಉರಿಗೆ ಗಾಳಿ ಊದುವ ತಿರುಗಣೆಯ ಹಿಡಿಕೆಯನ್ನು ತಾನೇ ಹಿಡಿದು ತಿರುಗಿಸತೊಡಗಿದ. ಒಂದು ತಾಸು ತಿರುಗಿಸಿದ. ಡಬ್ಬಿ ಕೆಮ್ಮಿ, ಒಂದು ರಾಶಿ ಮಸಿಯನ್ನು ಅವನ ಎದೆಗೇ ಉಗುಳಿ, ಬದುಕಿತು. ಬಿಳಿ ಅಂಗಿಯಲ್ಲಿ ಬಿಳಿ ಉಳಿದದ್ದು ಕಂಕುಳ ಕೆಳಗೆ ಮಾತ್ರ. ಸುಟ್ಟ ಬದನೆಕಾಯಿಯನ್ನು ಬಸ್ಸಿನವರೆಲ್ಲ ಹಂಚಿಕೊಂಡು ತಿಂದರು. ನಿಯಾಜನೂ ತಿಂದ. ಹೂವಪ್ಪನಿಗೆ ತೊಟ್ಟು ಸಿಕ್ಕಿತು.

ಯಲವಿಗಿ ಸ್ಟೇಷನ್ನು ಮುಟ್ಟಿದಾಗ ಮೂರು ಗಂಟೆಗೆ ಹತ್ತು ನಿಮಿಷವಿತ್ತು. ಹೂವಪ್ಪ ಬಸ್ಸು ನಿಲ್ಲುವ ಮುನ್ನವೇ ಹಾರಿ ಓಡಿದ. ಹಿಂದಿನಿಂದ ಮೂವರೂ ಓಡಿದರು. ಸುತ್ತಿಗೆ ಹಿಡಿದ ಒಬ್ಬ, ಬುತ್ತಿ ಹೊತ್ತ ಒಬ್ಬಳು, ಕೂಗುತ್ತಿರುವ ಒಬ್ಬ, ಮುಂದೆ ಮಸಿ ಬಡಿದ ಒಬ್ಬ. ನೋಡಿದವರಿಗೆ ಕಳ್ಳನನ್ನು ಅಟ್ಟಿಸಿಕೊಂಡು ಬಂದ ಹಾಗೆಯೇ ಕಾಣಬೇಕು. ಸ್ಟೇಷನ್ನಿನ ಹಮಾಲನೊಬ್ಬ ಅಡ್ಡ ಬಂದು ಹೂವಪ್ಪನನ್ನು ತಬ್ಬಿ ಹಿಡಿದೇಬಿಟ್ಟ.

“ಬಿಡ್ರಿ ಅವನ್ನ! ನಮ್ಮಂವ ಅದಾನ!” ಎಂದಳು ಉಡಚವ್ವ ಏದುಸಿರು ಬಿಡುತ್ತ.

“ನಿಮ್ಮವನಾದ್ರ ಯಾಕ ಓಡಾಕತ್ತಾನ?” ಎಂದ ಹಮಾಲ. ಆ ದಿನ ಹೂವಪ್ಪನನ್ನು ಅರ್ಥ ಮಾಡಿಕೊಂಡವನು ಅವನೊಬ್ಬನೇ.

ಸಂಘದ ಷೆಡ್ಡು ಹಳಿಯ ಆಚೆಗಿತ್ತು. ಅದರ ಮುಂದೆ, ಕಲಿಯಲು ಬರುವವರಿಗಾಗಿ, ನಾಲ್ಕು ಕಂಬದ ಮೇಲೆ ಗರ್ಡರುಗಳನ್ನು, ಎಂದರೆ ಕಬ್ಬಿಣದ ತೊಲೆಗಳನ್ನು, ಕೂಡಿಸಿ ನಾಲ್ಕೈದಾಳು ಎತ್ತರಕ್ಕೆ ಒಂದು ಚೌಕಟ್ಟು ನಿಲ್ಲಿಸಿದ್ದರು. ಕೆಳಗೆ ಮೇಜಿನ ಮುಂದೆ ಹಜರತಅಲಿ ಮಿಸ್ತ್ರಿ ಕುಳಿತಿದ್ದ. ಸವಣೂರಿನವನು. ಮುಂಬಯಿಯಿಂದ ಮದರಾಸಿನವರೆಗೆ ಸೇತುವೆ ಕಟ್ಟಿದವನು. ಎರಡೂ ಕೈಯ ಮೇಲೆ ಸುಟ್ಟ ಕಲೆಗಳು, ಗಡ್ಡದಲ್ಲಿ ನರೆ, ಮುಖದಲ್ಲಿ ಬೇಸರ. ಬೆಳಗಿನಿಂದ ಹನ್ನೊಂದು ಮಂದಿ ಬಂದಿದ್ದರು. ಚೌಕಟ್ಟಿನ ಅರ್ಧ ಹತ್ತಿ ಹನ್ನೊಂದು ಮಂದಿಯೂ ತಮ್ಮ ತಮ್ಮ ಊರಿನಲ್ಲಿ ಬಿಟ್ಟು ಬಂದ ಜರೂರು ಕೆಲಸ ನೆನಪಿಸಿಕೊಂಡು ಹೋಗಿದ್ದರು.

“ಹೆಸರು?” ಎಂದ ಹಜರತಅಲಿ.

“ಹೂವಪ್ಪ,” ಎಂದಳು ಉಡಚವ್ವ.

“ಊರು?”

“ಚಿಕ್ಕೇರೂರು,” ಎಂದ ಮೈಲಾರಪ್ಪ. “ಹಿರೇಕೆರೂರ ತಾಲೂಕ. ನಾ ಮೊದಲ ಹುಬ್ಬಳ್ಳ್ಯಾಗ...”

“ಇವರ್ಯಾರು?” ಎಂದು ಮಿಸ್ತ್ರಿ ಹೂವಪ್ಪನನ್ನು ಕೇಳಿದ.

“ಯಾರೋ ಏನೋ ರೀ,” ಎಂದ ಹೂವಪ್ಪ.

“ನೋಡಿದ್ರ್ಯಾ? ಹಲ್ಲ ಬ್ಯಾನಿ ತಲಿಗೆ ಏರೈತಿ,” ಎಂದಳು ಉಡಚವ್ವ. “ನಾವು ಇವನ ಮಂದಿ ರೀ. ಇವಗ ಮಂದಿ ಅದಾರ, ಗೊತ್ತಿರ್ಲಿ. ಬುನಾದಿಗೆ ಹಾಕೂದು ಗೀಕೂದು ಇದ್ರ ಈಗ ಹೇಳಿಬಿಡ್ರಿ.”

ಹಜರತಅಲಿ ಅವಳನ್ನು ನೋಡಿದ. ಮುಂಬಯಿಯಿಂದ ಮದರಾಸಿನವರೆಗೆ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. “ಇಲ್ಲಿ ಯಾರನ್ನೂ ಯಾವ ಬುನಾದಿಗೂ ಹಾಕೂದಿಲ್ಲ, ಯವ್ವಾ,” ಎಂದು ಹೇಳಿ ಹೂವಪ್ಪನ ಕಡೆ ತಿರುಗಿದ. “ಎತ್ತರಕ್ಕ ಅಂಜತೀ ಏನು?”

“ಇಲ್ರಿ.”

“ಸುಳ್ಳ ಹೇಳಬ್ಯಾಡೋ,” ಎಂದಳು ಉಡಚವ್ವ. “ಅಟ್ಟ ಹತ್ತಿ ನಾಕ ಉಳ್ಳಾಗಡ್ಡಿ ಇಳಸು ಅಂದ್ರ ಏಣಿ ಹಿಡಕೊಂಡ ದೇವರನ್ನ ನೆನಸ್ತಾನ್ರಿ. ದೊಡ್ಡವರ ಮುಂದ ಖರೇ ಹೇಳಬೇಕು.”

“ಬೇವಿನ ಗಿಡದಾಗ ಒಮ್ಮೆ ಕುಂತ ಬಿಟ್ಟಿದ್ದ,” ಎಂದ ಕುಬೇರಪ್ಪ. ಬಸ್ಸು ಹತ್ತಿದ ಮೇಲೆ ಅವನು ಆಡಿದ ಮೊದಲ ಮಾತು ಅದು. “ಇಳಸಾಕ ಚಕ್ಕಡಿ ತಂದ ನಿಲ್ಲಿಸಬೇಕಾತು.”

ಹಜರತಅಲಿಯ ಕೈಯಲ್ಲಿದ್ದ ಲೆಕ್ಕಣಿಕೆ ಮೇಜಿನ ಮೇಲೆ ಇಳಿಯತೊಡಗಿತು. ಹನ್ನೆರಡನೆಯವನೂ ಹೋದ ಎಂಬುದು ಅವನ ಮುಖದ ಮೇಲೆಯೇ ಬರೆದಿತ್ತು.

ಹೂವಪ್ಪನ ಒಳಗೆ ಏನೋ ಹರಿಯಿತು. ಇಪ್ಪತ್ತನಾಲ್ಕು ವರ್ಷದ ಕಷಾಯವೆಲ್ಲ ಒಮ್ಮೆಲೇ ನೆತ್ತಿಗೇರಿತು. ಅವನು ನೇರ ಹೋಗಿ ಕಂಬ ಹಿಡಿದು ಹತ್ತತೊಡಗಿದ. ಕಬ್ಬಿಣ ಬಿಸಿಲಿಗೆ ಹಂಚಿನ ಹಾಗೆ ಕಾಯ್ದಿತ್ತು. ಕೈ ಸುಟ್ಟಿತು, ಮೊಣಕಾಲು ತರಚಿತು, ಅವನು ಲಕ್ಷ್ಯ ಮಾಡಲಿಲ್ಲ. ಎಲ್ಲಕ್ಕೂ ಮೇಲಿನ ಗರ್ಡರಿಗೆ ಹೋಗಿ ಎರಡೂ ಕಡೆ ಕಾಲು ಇಳಿಬಿಟ್ಟು ಕುಳಿತ.

ಆಗ ಒಂದು ವಿಚಿತ್ರ ನಡೆಯಿತು. ಗಾಳಿ ಬೀಸಿತು. ದೂರದಲ್ಲಿ ರೈಲಿನ ಹಳಿ, ಅದರಾಚೆ ಎರೆಹೊಲ, ಅದರಾಚೆ ಆಕಾಶ. ಕೆಳಗೆ ಮೂವರೂ ಬಾಯಿ ಆಡಿಸುತ್ತಿದ್ದರು, ಆದರೆ ಗಾಳಿಯಲ್ಲಿ ಮಾತು ಕೇಳಿಸುತ್ತಿರಲಿಲ್ಲ! ಹುಟ್ಟಿದ ಮೇಲೆ ಮೊದಲ ಸಲ ಯಾರ ಸಲಹೆಯೂ ಮುಟ್ಟದ ಜಾಗದಲ್ಲಿ ಹೂವಪ್ಪ ಕುಳಿತಿದ್ದ. ಅವನ ಕಣ್ಣು ತುಂಬಿ ಬಂತು. ಜನ ಈ ಕೆಲಸಕ್ಕೆ ಯಾಕೆ ಅಂಜುತ್ತಾರೋ ಎಂದುಕೊಂಡ.

ಆಮೇಲೆ ನೇರ ಕೆಳಗೆ ನೋಡಿದ.

ಯಲವಿಗಿ ಬುಗುರಿಯ ಹಾಗೆ ತಿರುಗಿತು. ಹೂವಪ್ಪ ಗರ್ಡರನ್ನು ತಬ್ಬಿಕೊಂಡು ಬೋರಲಾದ.

“ಬವಳಿ ಬಂತು! ಹುಡುಗಗ ಬವಳಿ ಬಂತು!” ಉಡಚವ್ವನ ಧ್ವನಿ ಗಾಳಿಯನ್ನು ಸೀಳಿಕೊಂಡು ಬಂತು. “ನಿಂಬಿಹಣ್ಣ ಮೂಸಲಿ, ತಡೀರಿ!” ಬುತ್ತಿಯ ಗಂಟು ಬಿಚ್ಚಿ ನಿಂಬೆಹಣ್ಣು ತೆಗೆದು, ಸೆರಗು ಸಿಕ್ಕಿಸಿ, ಬೀಸಿ ಒಗೆದಳು. ನಿಂಬೆಹಣ್ಣು ಗುಂಡಿನ ಹಾಗೆ ಮೇಲೆ ಬಂದು ನೇರ ಹೂವಪ್ಪನ ಹಣೆಯ ಕಡೆಗೆ ಹೊರಟಿತು. ಹಣೆ ಉಳಿಸಿಕೊಳ್ಳಲು ಅವನು ಒಂದು ಕೈ ಬಿಟ್ಟು ಹಿಡಿದ.

“ಹಿಡದ! ಈಗ ಉಳ್ಳಾಗಡ್ಡಿ ತಗೋ, ಬಿಸಲಿಗೆ ಚಲೋ!”

ಉಳ್ಳಾಗಡ್ಡಿ ಬಂತು. ಹಿಡಿದ. ಎರಡನೆಯದು ಬಂತು, ಅದನ್ನೂ ಹಿಡಿದ.

“ಬ್ಯಾಡಬೇ! ಒಗೀಬ್ಯಾಡ!”

“ಏನಂತಾನ? ಹಸಿವಿ ಅಂತಾನೇನ?” ಎಂದು ರೊಟ್ಟಿಯ ಗಂಟು ಬಂತು. ಅದಕ್ಕೆ ಎರಡೂ ಕೈ ಬೇಕಾಯಿತು.

ಈ ನಡುವೆ ಮೈಲಾರಪ್ಪ ಕಂಬ ಅಲುಗಾಡುತ್ತಿದೆಯೆಂದು ಕಂಡುಹಿಡಿದು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಕಾಲು ನೆಲಕ್ಕೆ ನಾಟಿಕೊಂಡು, ಕಣ್ಣು ಮುಚ್ಚಿ, ತಾನು ಬಿಟ್ಟರೆ ಎಲ್ಲ ಬೀಳುತ್ತದೆ ಎಂಬ ನಂಬಿಕೆಯಿಂದ ಹಿಂದಕ್ಕೆ ಒತ್ತುತ್ತಿದ್ದ. ಸಂಘದ ಇಬ್ಬರು ಕೆಲಸಗಾರರು ಹಿಡಿದು ಎಳೆದರೂ ಮಿಸುಕಲಿಲ್ಲ. ಕುಬೇರಪ್ಪ ಕಂಬದ ಬುಡದಲ್ಲಿ ಯಾರನ್ನಾದರೂ ಹೂಳಿದ್ದಾರೆಯೇ ನೋಡಬೇಕೆಂದು ಸುತ್ತಿಗೆಯಿಂದ ಬಡಿಯುತ್ತಿದ್ದ. ಸಪ್ಪಳ ಟೊಳ್ಳೋ ಗಟ್ಟಿಯೋ ತಿಳಿಯಬೇಕಲ್ಲ! ಒಂದೇ ಜಾಗಕ್ಕೆ, ಒಂದೇ ತೂಕದಲ್ಲಿ, ಗಡಿಯಾರದ ಹಾಗೆ ಹತ್ತಿಪ್ಪತ್ತು ಪೆಟ್ಟು ಬಿದ್ದವು. ಪ್ರತಿ ಪೆಟ್ಟಿಗೂ ಮೇಲೆ ಹೂವಪ್ಪನ ಹಲ್ಲು ಕಟಕಟ ಎಂದವು.

“ಸಾಕ ಮಾಡ್ರಿ!” ಎಂದು ಹೂವಪ್ಪ ಗರ್ಜಿಸಿದ. ಅವನಿಗೆ ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂಬುದು ಮರೆತೇಹೋಯಿತು. ಬೈಗುಳ ಸರಿಯಾಗಿ ಮುಟ್ಟಲೆಂದು ಎದ್ದು ನಿಂತ. ಗಾಳಿ ಆ ಕಡೆಯಿಂದಿದ್ದುದರಿಂದ ಈ ತುದಿಯಿಂದ ಆ ತುದಿಗೆ ಗೇಣಗಲದ ಗರ್ಡರಿನ ಮೇಲೆ ದಾಪುಗಾಲು ಹಾಕಿಕೊಂಡು ನಡೆದು ಹೋದ. “ನನ್ನ ಪಾಡಿಗೆ ನನ್ನ ಬಿಡ್ರಿ! ನನಗ ನಿಂಬಿಹಣ್ಣ ಬ್ಯಾಡ, ಉಳ್ಳಾಗಡ್ಡಿ ಬ್ಯಾಡ! ನಾ ಸಣ್ಣ ಕೂಸಲ್ಲ! ನಾ ಇಲ್ಲೆ ಕೆಲಸಾ ಮಾಡಾಂವ, ಏನಂತೀರಿ ಈಗ?” ಎಂದು ರೊಟ್ಟಿಯ ಗಂಟನ್ನು ಬಗಲಲ್ಲಿಟ್ಟುಕೊಂಡೇ ಸರಸರನೆ ಇಳಿದು ಬಂದ.

ನೆಲ ಮುಟ್ಟಿದ ಮೇಲೆಯೇ ಅವನು ತಾನಿದ್ದ ಎತ್ತರವನ್ನು ತಲೆಯೆತ್ತಿ ನೋಡಿದ್ದು.

ಹಜರತಅಲಿ ಎದ್ದು ನಿಂತಿದ್ದ. ಮುಖದಲ್ಲಿದ್ದ ಬೇಸರ ಎತ್ತಲೋ ಹೋಗಿತ್ತು. “ಶಾಭಾಸ್!” ಎಂದು ಹೂವಪ್ಪನ ಬೆನ್ನಿಗೆ ಬಡಿದ. “ಪಾಸ್! ಒಂದ ಕೈಲೆ ಹಿಡದಿ, ನಾಕಕ್ಕ ನಾಕೂ ಹಿಡದಿ. ಗರ್ಡರ ಮ್ಯಾಲ ಬೈಕೋತ ನಡದಿ. ಮೂರ ವರ್ಷ ಹುಡುಕೇನಿ ಇಂಥವನ್ನ. ಇಲ್ಲಿ ಸಹಿ ಮಾಡು.”

ಹೂವಪ್ಪನಿಗೆ ಸಹಿ ಬರುತ್ತಿತ್ತು. ರಾತ್ರಿಶಾಲೆಯಲ್ಲಿ ಕಲಿತ ಆ ಮೂರಕ್ಷರವನ್ನು ಅವನು ಯಾವತ್ತೂ ಇಷ್ಟು ದೊಡ್ಡದಾಗಿ ಬರೆದಿರಲಿಲ್ಲ. ಮೊದಲನೆಯ ಕೆಲಸ ಕೊಂಕಣದ ಕಡೆಗೆ ಒಂದು ಹೊಳೆಯ ಮೇಲೆ ಎಂದ ಮಿಸ್ತ್ರಿ. ಸಂಜೆ ಐದರ ಗಾಡಿಗೇ ಹೊರಡಬೇಕು. ಇರಲು ತಗಡಿನ ಮನೆ ಸಂಘದ್ದೇ. ಮೂರು ವರ್ಷ ಊರ ಕಡೆ ಹೋಗುವುದು ಕಡಿಮೆ.

“ಕಡಿಮಿ ಆದ್ರೂ ಅಡ್ಡಿಯಿಲ್ರಿ,” ಎಂದ ಹೂವಪ್ಪ. ಅವನ ಮುಖ ಅರಳಿತ್ತು. ಈಗ ಅವನಿಗೆ ಆ ಮೂವರ ಮೇಲೂ ಪ್ರೀತಿ ಉಕ್ಕಿ ಬಂತು. ಬಿಟ್ಟು ಹೋಗುವಾಗ ಎಲ್ಲರೂ ಒಳ್ಳೆಯವರಾಗಿ ಕಾಣುತ್ತಾರೆ. ಉಡಚವ್ವನ ಕಾಲು ಮುಟ್ಟಿದ. “ಅತ್ತಿ, ನೀ ನನಗ ಹೆತ್ತವ್ವಕಿಂತ ಹೆಚ್ಚ. ಮೈಲಾರಪ್ಪ ಕಾಕಾ, ನೀವು ಹೇಳಿದ ಮಾತ ಒಂದೂ ಮರಿಯೂದಿಲ್ಲ. ಕುಬೇರಪ್ಪ, ನನ್ನ ಹಲ್ಲ ಉಳಿಸಿದಿ. ಓಣಿಯವರಿಗೆಲ್ಲಾ ಹೇಳ್ರಿ, ಹೂವಪ್ಪ ಕಾಗದ ಬರೀತಾನ ಅಂತ.”

ಉಡಚವ್ವ ಗೊಳೋ ಎಂದು ಅತ್ತಳು. ಕುಬೇರಪ್ಪ ಬೇರೆ ಕಡೆ ನೋಡಿದ. ಮೈಲಾರಪ್ಪ ಕೂಡ ಒಂದು ಕ್ಷಣ ಗಿರಣಿ ಮರೆತ.

“ನೀವ್ಯಾಕ ಅಳತೀರಿ?” ಎಂದ ಹಜರತಅಲಿ. ಅವನು ಇನ್ನೂ ಪುಸ್ತಕ ಮುಚ್ಚಿರಲಿಲ್ಲ. “ನಿಮ್ಮ ಸಹಿ ಎಲ್ಲಿ?”

“ನಮ್ಮ ಸಹಿ ಯಾಕ್ರಿ? ಸಾಕ್ಷಿಗೇನು?” ಎಂದ ಮೈಲಾರಪ್ಪ.

“ಕೆಲಸಕ್ಕ. ಗರ್ಡರಿಗೆ ಮೊಳಿ ಹೊಡಿಯೂದು ಒಬ್ಬನ ಕೆಲಸ ಅಲ್ಲ. ಒಬ್ರು ಮೊಳಿ ಕೆಂಪಗ ಕಾಸಿ ಮ್ಯಾಲ ಒಗೀಬೇಕು, ಒಬ್ಬಂವ ಅದನ್ನ ಹಿಡದು ತೂತಿನಾಗ ಇಡಬೇಕು, ಒಬ್ಬಂವ ಹಿಂದಿನಿಂದ ಒತ್ತಿ ಆನಿಸಿ ನಿಲ್ಲಬೇಕು, ಒಬ್ಬಂವ ಮುಂದಿನಿಂದ ಬಡಿಬೇಕು. ನಾಕ ಮಂದಿ ಕೂಡಿದ್ರ ಒಂದ ಗ್ಯಾಂಗ್. ಒಬ್ಬೊಬ್ರು ಹುಡುಗ್ರು ಸಿಗ್ತಾರ. ಕೂಡಿಸಿದ್ರ ಮೂರ ದಿನದಾಗ ಬಡದಾಡಿ ಹೋಗ್ತಾರ. ಒಗಿಯವರ ಕೈಗೂ ಹಿಡಿಯವನ ಕಣ್ಣಿಗೂ ಹುಟ್ಟಿದಾಗಿನಿಂದ ರೂಢಿ ಇದ್ದಂಗ ಇರೂ ಗ್ಯಾಂಗ್ ನನಗ ಇವತ್ತ ಸಿಕ್ಕೈತಿ.” ಅವನು ಉಡಚವ್ವನ ಕಡೆ ಬೆರಳು ಮಾಡಿದ. “ಯವ್ವಾ, ನಿನ್ನಂಥ ಗುರಿ ನಾ ಮುಂಬಯಿದಾಗೂ ನೋಡಿಲ್ಲ.”

ಹೂವಪ್ಪನಿಗೆ ಮತ್ತೆ ಬವಳಿ ಬಂತು. ಈ ಸಲ ನೆಲದ ಮೇಲೆಯೇ. “ಮಿಸ್ತ್ರಿ ಸಾಹೇಬ್ರ,” ಎಂದ, “ಆಕಿ ಹೆಂಗಸ ರೀ!”

“ಸಂಘದ ಕಾಯ್ದೇದಾಗ ಕೆಲಸಗಾರ ಅಂತ ಐತಿ. ಗಂಡಸು ಅಂತ ಬರಿಯೂದು ಬರದಂವ ಮರತಾನ. ನಾ ಯಾಕ ನೆನಪ ಮಾಡ್ಲಿ?”

“ಕಾಕಾಗ ವಯಸ್ಸಾಗೇತ್ರಿ!”

“ಒತ್ತಿ ನಿಲ್ಲಾಕ ವಯಸ್ಸ ಯಾಕ ಬೇಕು? ಹಟ ಬೇಕು. ಇಬ್ರು ಎಳದ್ರೂ ಬರ್ಲಿಲ್ಲ ಅವರು.”

“ಇದು ಮೋಸದ ಕೆಲಸ ಅಂತ ಅವರ ಹೇಳಿದ್ರು! ಕಾಕಾ, ಹೇಳ್ರಿ! ಕಲಿಯಂವಗ ಯಾರ ಪಗಾರ ಕೊಡ್ತಾರ ಅಂದ್ರಲ್ಲ!”

ಮೈಲಾರಪ್ಪ ಗಂಟಲು ಸರಿಮಾಡಿಕೊಂಡ. “ಆಗ ನನಗ ಪೂರಾ ಮಾಹಿತಿ ಇರಲಿಲ್ಲ,” ಎಂದ. “ಮಿಸ್ತ್ರಿ ಸಾಹೇಬ್ರ, ಪಗಾರ ಮೊದಲನೇ ದಿನದಿಂದನ ಏನ್ರಿ? ಎಲ್ಲೆ ಮಾಡ್ಲಿ ಸಹಿ?”

“ಗ್ಯಾಂಗಿಗೆ ಒಬ್ಬ ಹಿರಿಯಾಳ ಬೇಕು. ವಯಸ್ಸಿಗೆ ದೊಡ್ಡವರು ನೀವ. ಈ ಹುಡುಗ ನೀವು ಹೇಳಿದಂಗ ಕೇಳಬೇಕು, ಅದು ಸಂಘದ ನಿಯಮ.”

“ನಿಯಮ ಇಲ್ಲದಿದ್ರೂ ಕೇಳತಾನ್ರಿ,” ಎಂದ ಮೈಲಾರಪ್ಪ ಅಭಿಮಾನದಿಂದ.

ಕುಬೇರಪ್ಪ ಹೆಬ್ಬೆಟ್ಟು ಒತ್ತಿದ. ಕಲ್ಲಿಗಿಂತ ಕಬ್ಬಿಣ ಚಲೋ, ಚೂರು ಕಣ್ಣಿಗೆ ಹಾರುವುದಿಲ್ಲ ಎಂದ. ಉಡಚವ್ವ ಕಣ್ಣೊರೆಸಿಕೊಂಡು, ತಗಡಿನ ಮನೆಗೆ ಒಲೆ ಇದೆಯೋ ಇಲ್ಲವೋ ಎಂದು ಕೇಳಿ, ತಾನೂ ಒತ್ತಿದಳು. ತನ್ನ ಇಬ್ಬರು ಮಕ್ಕಳೂ ಸೊಸೆಯಂದಿರ ಮಾತು ಕೇಳುವವರು, ಮೂರು ವರ್ಷ ಅವರಿಗೂ ಬುದ್ಧಿ ಬರಲಿ ಎಂದಳು.

“ನನ್ನ ಹೆಸರ ಹೊಡದ ಹಾಕ್ರಿ,” ಎಂದ ಹೂವಪ್ಪ. ಅವನ ಧ್ವನಿ ಬಾವಿಯೊಳಗಿನಿಂದ ಬಂದ ಹಾಗಿತ್ತು. “ನಾ ಊರಿಗೆ ಹೋಗ್ತೇನಿ. ಹೆಂಗೂ ಇವರು ಮೂರ ಮಂದಿ ಇಲ್ಲೆ ಇರ್ತಾರಲ್ಲ.”

ಹಾಗೆ ಹೇಳುತ್ತಿದ್ದಂತೆ ಅವನ ಕಣ್ಣಲ್ಲಿ ಒಂದು ಆಸೆ ಮಿನುಗಿತು. ಮೂವರಿಲ್ಲದ ಚಿಕ್ಕೇರೂರು! ಹದಿನೈದು ಮನೆಗಳೇನೋ ಉಳಿಯುತ್ತವೆ, ಆದರೂ ಇವರಷ್ಟು ಜೋರಿನವರಲ್ಲ.

ಹಜರತಅಲಿ ಲೆಕ್ಕಣಿಕೆ ಕಿವಿಗೆ ಸಿಕ್ಕಿಸಿಕೊಂಡ. “ಹೋಗಬಹುದು. ಆದ್ರ ನೀ ಹೋದ್ರ ಗ್ಯಾಂಗ್ ಮುರೀತು. ಇವರೂ ನಿನ್ನ ಸಂಗಾಟ ಊರಿಗೆ ಬರತಾರ.”

ಮೂವರೂ ಹೂವಪ್ಪನನ್ನು ನೋಡಿದರು. ಕೈಗೆ ಬಂದ ಪಗಾರ ಹೋಗುವುದು ಯಾರಿಂದ ಎಂಬುದು ಆ ನೋಟದಲ್ಲಿ ಸ್ಪಷ್ಟವಾಗಿತ್ತು. ಇನ್ನು ಉಳಿದ ಆಯುಷ್ಯದಲ್ಲಿ ಆ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳಬೇಕಾದೀತೆಂದು ಹೂವಪ್ಪ ಊಹಿಸಿಕೊಂಡ. ಹೆಸರು ಹೊಡೆದು ಹಾಕಿಸುವ ಮಾತನ್ನು ಅಲ್ಲಿಗೇ ಬಿಟ್ಟ.

“ಇನ್ನೊಂದ ಮಾತು, ಹಿರಿಯಾಳ,” ಎಂದ ಮಿಸ್ತ್ರಿ ಮೈಲಾರಪ್ಪನಿಗೆ. “ಸಂಘಕ್ಕ ಇನ್ನೂ ಮೂರ ನಾಕ ಗ್ಯಾಂಗ್ ಬೇಕಾಗೇತಿ. ನಿಮ್ಮ ಓಣ್ಯಾಗ ಇಂಥಾ ಮಂದಿ ಇನ್ನೂ ಅದಾರೇನು?”

“ಹದಿನೈದ ಮನಿ ಅದಾವ್ರಿ!” ಎಂದ ಮೈಲಾರಪ್ಪ. ಅವನ ಎದೆ ಉಬ್ಬಿತು. “ಒಂದ ಕಾಗದ ಬರದ್ರ ಸಾಕು, ಶುಕ್ರವಾರದ ಒಳಗ ಎಲ್ಲಾರೂ ಬರತಾರ. ನಮ್ಮ ಹೂವಪ್ಪಗ ಅಂದ್ರ ಯಾರೂ ಒಲ್ಲೆ ಅನ್ನೂದಿಲ್ಲ.”

ಐದರ ಗಾಡಿಗೆ ಇನ್ನೂ ಒಂದು ತಾಸಿತ್ತು. ಹೂವಪ್ಪ ಮೆಲ್ಲಗೆ ಹಿಂದೆ ಸರಿದು, ಕಂಬ ಹಿಡಿದು, ಮತ್ತೆ ಮೇಲೆ ಹತ್ತಿ ಕುಳಿತ. ಗಾಳಿ ಬೀಸುತ್ತಿತ್ತು. ಹಳಿ, ಹೊಲ, ಆಕಾಶ. ಆ ಒಂದು ತಾಸಾದರೂ ತನ್ನದೆಂದು ಕಣ್ಣು ಮುಚ್ಚಿಕೊಂಡ.

ಗರ್ಡರು ನಡುಗಿತು. ಕಣ್ಣು ತೆರೆದ. ಮೂರೂ ಮಂದಿ ಹತ್ತಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ, ಕಚ್ಚೆ ಬಿಗಿದು, ಹಲ್ಲಿನಲ್ಲಿ ಬುತ್ತಿಯ ಗಂಟು ಕಚ್ಚಿಕೊಂಡು ಉಡಚವ್ವ. ಮೇಲೆ ಮುಟ್ಟಿ, ಗಂಟನ್ನು ಕೈಗೆ ತೆಗೆದುಕೊಂಡು, ಉಸಿರು ಬಿಟ್ಟು ಹೇಳಿದಳು:

“ಆ ಕಡೆ ಸರಿಯೋ. ಒಬ್ಬನ ಹಿಂಗ ಕುಂದರಬ್ಯಾಡ, ನಿನಗ ಬ್ಯಾಸರಾಗತೈತಿ.”